ಚೆಂಡು ಬಿಡಲು ಕಲಿಯಿರಿ: ದ್ರಾವಿಡ್ ಆಟದಿಂದ ಯಶಸ್ಸಿನ ಸೂತ್ರಗಳು

ಭಾನುವಾರ ಬೆಳಿಗ್ಗೆ ಬೆಂಗಳೂರಿನ ಯಾವ ಮೈದಾನಕ್ಕೆ ಹೋದರೂ ಈ ನೋಟ ಸಿಗುತ್ತದೆ. ತನ್ನಷ್ಟೇ ಎತ್ತರದ ಕಿಟ್ ಬ್ಯಾಗ್ ಎಳೆದುಕೊಂಡು ಬರುವ ಹತ್ತು ವರ್ಷದ ಹುಡುಗ, ಹಿಂದೆ ನೀರಿನ ಬಾಟಲಿ ಹಿಡಿದ ಅಪ್ಪನೋ ಅಮ್ಮನೋ. ನಾನೂ ಕೆಲವು ವರ್ಷ ನೆಟ್ಸ್‌ನ ಆ ಜಾಲರಿಯ ಹೊರಗೆ ನಿಂತವನು. ಹೊರಗೆ ನಿಂತವರೆಲ್ಲರ ಬಾಯಲ್ಲಿ ಒಂದೇ ಮಾತು: "ಹೊಡಿ, ಹೊಡಿ!"

ಒಂದು ದಿನ ಕೋಚ್ ನನ್ನ ಮಗನನ್ನು ಕರೆದು, "ಇವತ್ತು ಮೊದಲ ಹನ್ನೆರಡು ಬಾಲ್‌ಗೆ ಬ್ಯಾಟ್ ತಾಗಿಸಬಾರದು. ನೋಡ್ತಾ ಬಿಡ್ತಾ ಹೋಗು, ಸ್ಟಂಪ್‌ಗೆ ಬಂದರೆ ಮಾತ್ರ ಆಡು" ಎಂದರು. ಮೊದಲ ಎರಡು ಹೇಗೋ ಬಿಟ್ಟ. ಮೂರನೆಯದು ಆಫ್ ಸ್ಟಂಪ್‌ನ ಹೊರಗೆ ಬಿತ್ತು, ಕೈ ತಡೆಯಲಿಲ್ಲ, ಬ್ಯಾಟ್ ಬೀಸಿದ. ಕೋಚ್ ಬಯ್ಯಲಿಲ್ಲ. "ಮತ್ತೆ ಒಂದರಿಂದ ಎಣಿಸು" ಅಂದರು, ಅಷ್ಟೆ. ಆ ಹುಡುಗ ಹನ್ನೆರಡು ಮುಟ್ಟುವ ಹೊತ್ತಿಗೆ ಮುಕ್ಕಾಲು ಗಂಟೆ ಕಳೆದಿತ್ತು.

ಅವತ್ತು ನನಗೆ ರಾಹುಲ್ ದ್ರಾವಿಡ್ ಹೊಸದಾಗಿ ಅರ್ಥವಾದರು. ಅವರ ರನ್ ನಮಗೆಲ್ಲ ಬಾಯಿಪಾಠ: ಟೆಸ್ಟ್‌ನಲ್ಲಿ 13,288, ಏಕದಿನದಲ್ಲಿ 10,889. ಆ ರನ್‌ಗಳ ಹಿಂದೆ ಅವರು ಏನೇನನ್ನು ಬಿಟ್ಟರು ಎಂಬ ಲೆಕ್ಕವನ್ನು ನಾವು ಇಟ್ಟಿಲ್ಲ. ಈ ಸೂತ್ರಗಳು ಆ ಲೆಕ್ಕದಿಂದ ಹೊರಟವು. ಆಟಗಾರರಿಗೆ ಮಾತ್ರವಲ್ಲ, ಪರೀಕ್ಷೆಗೆ ಕೂತವರಿಗೆ, ಅಂಗಡಿ ಇಟ್ಟವರಿಗೆ, ಹೊಸ ಕೆಲಸಕ್ಕೆ ಸೇರಿದವರಿಗೆ ಕೂಡ.

1. ಮೊದಲು ನಿಮ್ಮ ಆಫ್ ಸ್ಟಂಪ್ ಎಲ್ಲಿದೆ ಎಂದು ತಿಳಿದುಕೊಳ್ಳಿ

ಆಫ್ ಸ್ಟಂಪ್‌ನಿಂದ ಒಂದು ಗೇಣು ಹೊರಗೆ ಬೀಳುವ ಚೆಂಡು ಬೌಲರ್ ಒಡ್ಡುವ ಆಮಿಷ. ದ್ರಾವಿಡ್ ಅದನ್ನು ಬಿಡುತ್ತಿದ್ದ ರೀತಿ ನೆನಪಿಸಿಕೊಳ್ಳಿ. ಎಡಗಾಲು ಚೆಂಡಿನತ್ತ ಬರುತ್ತದೆ, ತಲೆ ಅದರ ಮೇಲೆ ಬಾಗುತ್ತದೆ, ಇನ್ನೇನು ಆಡಿಯೇಬಿಟ್ಟರು ಅನ್ನುವಷ್ಟರಲ್ಲಿ ಎರಡೂ ಕೈ ಮೇಲೆದ್ದು ಬ್ಯಾಟ್ ಹೆಗಲ ಮೇಲೆ ಹೋಗುತ್ತದೆ. ಕಣ್ಣು ಮಾತ್ರ ಚೆಂಡು ಕೀಪರ್‌ನ ಗ್ಲೌಸ್ ಸೇರುವವರೆಗೂ ಅದನ್ನು ಬಿಡುವುದಿಲ್ಲ. ಹೀಗೆ ಬಿಡಬೇಕಾದರೆ ತನ್ನ ಸ್ಟಂಪ್ ಎಲ್ಲಿದೆ ಎಂಬುದು ಬೆನ್ನಿಗೆ ಕಣ್ಣಿದ್ದಷ್ಟು ಖಚಿತವಾಗಿ ಗೊತ್ತಿರಬೇಕು. ಗೊತ್ತಿಲ್ಲದವರು ಹೆದರಿ ಎಲ್ಲವನ್ನೂ ಆಡಲು ಹೋಗುತ್ತಾರೆ.

ಬಿಟ್ಟರೆ ಏನು ಲಾಭ? ಬೌಲರ್‌ಗೆ ತಾಳ್ಮೆ ಕೆಡುತ್ತದೆ. ಹೊರಗೆ ಎಸೆದು ಪ್ರಯೋಜನವಿಲ್ಲ ಎಂದು ಸ್ಟಂಪ್‌ನತ್ತ ಬರುತ್ತಾನೆ. ಆಗ ದ್ರಾವಿಡ್‌ರ ಮಣಿಕಟ್ಟು ತಿರುಗುತ್ತಿತ್ತು, ಚೆಂಡು ಮಿಡ್ ವಿಕೆಟ್ ಕಡೆ ಓಡುತ್ತಿತ್ತು.

164 ಟೆಸ್ಟ್‌ಗಳಲ್ಲಿ ಅವರು ಎದುರಿಸಿದ್ದು 31,258 ಎಸೆತ. ಟೆಸ್ಟ್ ಇತಿಹಾಸದಲ್ಲಿ ಇಷ್ಟು ಎಸೆತ ಎದುರಿಸಿದ ಇನ್ನೊಬ್ಬರಿಲ್ಲ. ಓವರ್ ಲೆಕ್ಕಕ್ಕೆ ತಂದರೆ 5,209 ದಾಟುತ್ತದೆ. ದಿನಕ್ಕೆ 90 ಓವರ್ ಎಂದು ಹಿಡಿದರೆ, ಒಬ್ಬರೇ ಬೆಳಿಗ್ಗೆಯಿಂದ ಸಂಜೆಯವರೆಗೆ ಸುಮಾರು 58 ದಿನ ಆಡಿದಷ್ಟು.

2002ರ ಆಗಸ್ಟ್, ಹೆಡಿಂಗ್ಲೆ. ಮೋಡ ಕವಿದಿತ್ತು, ಚೆಂಡು ಬಿದ್ದಲ್ಲಿಂದ ಎತ್ತೆತ್ತಲೋ ಹೊರಳುತ್ತಿತ್ತು. ಟಾಸ್ ಗೆದ್ದೂ ಗಂಗೂಲಿ ಬ್ಯಾಟಿಂಗ್ ಆಯ್ದುಕೊಂಡರು. ದ್ರಾವಿಡ್ ಮತ್ತು ಸಂಜಯ್ ಬಾಂಗರ್ ಬಿಡಬೇಕಾದ್ದನ್ನು ಬಿಟ್ಟು, ಮೈಮೇಲೆ ಬಂದದ್ದನ್ನು ಮೈಗೆ ತಾಗಿಸಿಕೊಂಡು 170 ರನ್ ಸೇರಿಸಿದರು. ದ್ರಾವಿಡ್ 148, ಬಾಂಗರ್ 68. ಆಮೇಲೆ ಬಂದ ತೆಂಡೂಲ್ಕರ್ 193, ಗಂಗೂಲಿ 128 ಹೊಡೆದರು, ಭಾರತ ಇನಿಂಗ್ಸ್ ಮತ್ತು 46 ರನ್‌ಗಳಿಂದ ಗೆದ್ದಿತು. ಪಂದ್ಯದ ಮುಖ್ಯಾಂಶಗಳಲ್ಲಿ ಹೊಡೆತಗಳೇ ಕಾಣುತ್ತವೆ. ಆ ಮೊದಲ ದಿನ ಅವರು ಬಿಟ್ಟ ಚೆಂಡುಗಳನ್ನು ಒಂದು ಕಡೆ ಸೇರಿಸಿ ಯಾರಾದರೂ ತೋರಿಸಿದರೆ, ಕಲಿಯುವ ಮಕ್ಕಳಿಗೆ ಅದಕ್ಕಿಂತ ಒಳ್ಳೆಯ ಪಾಠ ಇನ್ನೊಂದಿಲ್ಲ.

ನಿಮ್ಮ ಈ ವಾರದಲ್ಲಿ ಸ್ಟಂಪ್‌ಗೆ ಬರುವ ಕೆಲಸ ಯಾವುದು, ಹೊರಗೆ ಹೋಗುವುದು ಯಾವುದು? ಬರೆದಿಟ್ಟುಕೊಳ್ಳಿ. ಹೊರಗಿನದಕ್ಕೆ ಕೈ ಹಾಕಬೇಡಿ.

2. ತಳಪಾಯ ಹಾಕುವಾಗ ಅವಸರ ಬೇಡ

ಹುಟ್ಟಿದ್ದು ಇಂದೋರಿನಲ್ಲಿ, 1973ರ ಜನವರಿ 11ರಂದು. ಬೆಳೆದದ್ದು ಬೆಂಗಳೂರಿನಲ್ಲಿ, ಮರಾಠಿ ಮಾತಾಡುವ ಮನೆಯಲ್ಲಿ. ತಂದೆ ಶರದ್ ದ್ರಾವಿಡ್ ಕಿಸಾನ್ ಕಂಪನಿಯಲ್ಲಿದ್ದರು. ಜಾಮ್ ತಯಾರಿಸುವವರ ಮನೆ ಹುಡುಗ ಅಂತ ಗೆಳೆಯರು 'ಜ್ಯಾಮಿ' ಎಂದರು, ಆ ಹೆಸರೇ ನಿಂತಿತು. ತಾಯಿ ಪುಷ್ಪಾ ಕಲಾವಿದೆ, ಯುವಿಸಿಇಯಲ್ಲಿ ವಾಸ್ತುಶಿಲ್ಪದ ಪ್ರಾಧ್ಯಾಪಕಿ. ಸೇಂಟ್ ಜೋಸೆಫ್ಸ್ ಶಾಲೆ, ಆಮೇಲೆ ಅಲ್ಲಿಯದೇ ವಾಣಿಜ್ಯ ಕಾಲೇಜು. ಬ್ಯಾಟ್ ನೇರವಾಗಿ ಹಿಡಿಸಿದವರು ಕೇಕಿ ತಾರಾಪೂರ್.

ರಣಜಿ ಟ್ರೋಫಿಗೆ ಕಾಲಿಟ್ಟದ್ದು 1991ರ ಫೆಬ್ರುವರಿಯಲ್ಲಿ, ಪುಣೆಯಲ್ಲಿ ಮಹಾರಾಷ್ಟ್ರದ ವಿರುದ್ಧ, 82 ರನ್. ಭಾರತದ ಟೆಸ್ಟ್ ಕ್ಯಾಪ್ ಸಿಕ್ಕಿದ್ದು 1996ರ ಜೂನ್‌ನಲ್ಲಿ. ನಡುವಿನ ಐದು ವರ್ಷ ರಾಜ್ಯ ತಂಡಕ್ಕೆ ಆಡಿದರು, ಜೊತೆಜೊತೆಗೆ ಓದಿದರು. ಇಪ್ಪತ್ತನೇ ವಯಸ್ಸಿಗೇ ಎಲ್ಲ ಸಿಗಬೇಕು ಎಂದು ಮಕ್ಕಳನ್ನು ಅಟ್ಟುವ ಅಪ್ಪ ಅಮ್ಮಂದಿರು ಈ ಐದು ವರ್ಷವನ್ನು ಒಮ್ಮೆ ನೋಡಬೇಕು.

3. ಕೈಗೆ ಬಂದ ತುತ್ತು ಬಾಯಿಗೆ ಬರದಿದ್ದರೆ ಮತ್ತೆ ಬಡಿಸುವವರೆಗೆ ಪಂಕ್ತಿ ಬಿಟ್ಟು ಏಳಬೇಡಿ

ಲಾರ್ಡ್ಸ್‌ನ ಪೆವಿಲಿಯನ್ ಒಳಗೆ ಗೌರವ ಫಲಕಗಳಿವೆ. ಅಲ್ಲಿ ನಡೆದ ಟೆಸ್ಟ್‌ನಲ್ಲಿ ಶತಕ ಹೊಡೆದವರ ಹೆಸರು, ಇನಿಂಗ್ಸ್‌ನಲ್ಲಿ ಐದು ವಿಕೆಟ್ ಪಡೆದವರ ಹೆಸರು ಅದರ ಮೇಲೆ ಏರುತ್ತದೆ. 1996ರ ಜೂನ್‌ನಲ್ಲಿ ಅಲ್ಲಿ ನಡೆದ ಪಂದ್ಯದಲ್ಲಿ ನಮ್ಮ ಇಬ್ಬರು ಹುಡುಗರು ಮೊದಲ ಟೆಸ್ಟ್ ಆಡಿದರು. ಗಂಗೂಲಿ 131 ಹೊಡೆದು ಫಲಕ ಸೇರಿದರು. ಐದು ವಿಕೆಟ್ ಪಡೆದ ನಮ್ಮ ವೆಂಕಟೇಶ್ ಪ್ರಸಾದ್ ಕೂಡ ಸೇರಿದರು. ಏಳನೆಯವರಾಗಿ ಬಂದ ದ್ರಾವಿಡ್ 95ಕ್ಕೆ ಔಟಾದರು.

ಐದೇ ರನ್. ಅದಕ್ಕೆ ಅವರು ಕಾದದ್ದು ಹದಿನೈದು ವರ್ಷ. 2011ರ ಜುಲೈನಲ್ಲಿ ಅದೇ ಲಾರ್ಡ್ಸ್‌ನಲ್ಲಿ ಔಟಾಗದೆ 103 ಹೊಡೆದಾಗ ಅವರಿಗೆ 38 ವರ್ಷ. ತಂಡ ಸೋತ ಪಂದ್ಯ ಅದು. ಇಡೀ ಸರಣಿಯೇ 0-4ರಿಂದ ಹೋಯಿತು. ಆ ಸೋಲಿನ ನಡುವೆಯೇ ಅವರು ಇನ್ನೆರಡು ಶತಕ ಹೊಡೆದರು, ನಾಟಿಂಗ್‌ಹ್ಯಾಮ್‌ನಲ್ಲಿ 117, ಓವಲ್‌ನಲ್ಲಿ ಔಟಾಗದೆ 146. ಓವಲ್‌ನಲ್ಲಂತೂ ಆರಂಭಿಕರಾಗಿ ಬಂದು, ಹತ್ತೂ ವಿಕೆಟ್ ಬೀಳುವವರೆಗೆ ಒಂದು ತುದಿಯಲ್ಲಿ ನಿಂತರು. ಭಾರತ 300ಕ್ಕೆ ಆಲೌಟ್, ಫಾಲೋ ಆನ್. ಇನಿಂಗ್ಸ್ ನಡುವೆ ಸಿಗುವುದು ಹತ್ತು ನಿಮಿಷ. ಒಳಗೆ ಹೋದವರು ಮತ್ತೆ ಅದೇ ಪ್ಯಾಡ್ ಕಟ್ಟಿಕೊಂಡು ಮೊದಲ ಚೆಂಡಿಗೆ ಸಿದ್ಧರಾಗಿ ಹೊರಬಂದರು. ಟಿವಿಯಲ್ಲಿ ಅದನ್ನು ನೋಡುವಾಗ ನಮ್ಮ ಮನೆಯಲ್ಲಿ ಯಾರೂ ಮಾತಾಡಲಿಲ್ಲ.

4. ಯಾರಿಗೂ ಬೇಡದ ಕೆಲಸಕ್ಕೆ ನೀವು ಕೈ ಎತ್ತಿ

ದ್ರಾವಿಡ್ ಆಡುತ್ತಿದ್ದ ಒನ್ ಡೌನ್, ಅಂದರೆ ಮೂರನೇ ಕ್ರಮಾಂಕ, ಸುಖದ ಜಾಗವಲ್ಲ. ಎರಡನೇ ಎಸೆತಕ್ಕೇ ಬರಬೇಕಾಗಬಹುದು, ಎರಡನೇ ದಿನ ಬರಬೇಕಾಗಬಹುದು. ಪ್ಯಾಡ್ ಕಟ್ಟಿಕೊಂಡು ಕಾಯುವುದೇ ಒಂದು ಕೆಲಸ. 2004ರಲ್ಲಿ ರಾವಲ್ಪಿಂಡಿಯಲ್ಲಿ ಶೋಯೆಬ್ ಅಖ್ತರ್ ಇನಿಂಗ್ಸ್‌ನ ಮೊದಲ ಎಸೆತದಲ್ಲೇ ಸೆಹ್ವಾಗ್‌ರನ್ನು ಔಟ್ ಮಾಡಿದರು. ಆಗ ಒಳಗೆ ಹೋದ ದ್ರಾವಿಡ್ 740 ನಿಮಿಷ, ಅಂದರೆ ಹನ್ನೆರಡು ಗಂಟೆಗೂ ಹೆಚ್ಚು ಹೊತ್ತು ನಿಂತು 270 ಹೊಡೆದರು. ಅವರ ಬದುಕಿನ ಅತಿ ದೊಡ್ಡ ಇನಿಂಗ್ಸ್ ಅದು, ಪಾಕಿಸ್ತಾನದ ನೆಲದಲ್ಲಿ ಭಾರತ ಮೊದಲ ಬಾರಿ ಟೆಸ್ಟ್ ಸರಣಿ ಗೆದ್ದ ಪಂದ್ಯವೂ ಹೌದು.

ಏಕದಿನ ತಂಡಕ್ಕೆ ಇನ್ನೊಬ್ಬ ಬ್ಯಾಟ್ಸ್‌ಮನ್ ಬೇಕು, ಆದರೆ ಜಾಗವಿಲ್ಲ. ದಾರಿ ಒಂದೇ: ಈಗಿರುವ ಬ್ಯಾಟ್ಸ್‌ಮನ್ ಒಬ್ಬರು ಕೀಪಿಂಗ್ ಮಾಡಬೇಕು. ಹುಡುಗನಾಗಿದ್ದಾಗ ಕೀಪಿಂಗ್ ಮಾಡಿ ಬಿಟ್ಟಿದ್ದ ದ್ರಾವಿಡ್ ಮತ್ತೆ ಗ್ಲೌಸ್ ತೊಟ್ಟರು. ಐವತ್ತು ಓವರ್ ಕುಕ್ಕರುಗಾಲಲ್ಲಿ ಕೂತು ಏಳುವುದು, ಆಮೇಲೆ ಬ್ಯಾಟಿಂಗ್. ಬೆರಳಿಗೆ ಪೆಟ್ಟಾದರೆ ಹೋಗುವುದು ತಮ್ಮದೇ ಬ್ಯಾಟಿಂಗ್ ಎಂದು ಗೊತ್ತಿದ್ದೂ 73 ಏಕದಿನ ಪಂದ್ಯಗಳಲ್ಲಿ ಆ ಹೊರೆ ಹೊತ್ತರು. 2003ರ ವಿಶ್ವಕಪ್‌ನಲ್ಲಿ ಭಾರತ ಫೈನಲ್ ತಲುಪಿದ್ದು ಈ ಏರ್ಪಾಡಿನಲ್ಲೇ.

ಆರಂಭಿಕರಿಲ್ಲವೇ? ಅದಕ್ಕೂ ಸೈ. 2006ರ ಜನವರಿಯಲ್ಲಿ ಲಾಹೋರ್‌ನಲ್ಲಿ ಆಗ ನಾಯಕರಾಗಿದ್ದ ದ್ರಾವಿಡ್ ತಾವೇ ಇನಿಂಗ್ಸ್ ಆರಂಭಿಸಿದರು, ಸೆಹ್ವಾಗ್ ಜೊತೆ 410 ರನ್ ಸೇರಿಸಿದರು. ಮಂಕಡ್ ಮತ್ತು ಪಂಕಜ್ ರಾಯ್ ಅವರ 413ರ ದಾಖಲೆಗೆ ಬರೀ ಮೂರು ಕಡಿಮೆ.

ಇನ್ನು ಸ್ಲಿಪ್. ದಿನವಿಡೀ ಬಗ್ಗಿ ನಿಂತು, ಬಂದರೆ ಒಂದು ಚೆಂಡು, ಬರದಿದ್ದರೆ ಅದೂ ಇಲ್ಲ. ಅಲ್ಲಿ ಹೆಚ್ಚಿನವನ್ನು ಹಿಡಿದು ಟೆಸ್ಟ್‌ನಲ್ಲಿ 210 ಕ್ಯಾಚ್ ಮಾಡಿದರು. ಕುಂಬ್ಳೆ ಒಬ್ಬರ ಬೌಲಿಂಗ್‌ನಲ್ಲೇ ಐವತ್ತಕ್ಕೂ ಹೆಚ್ಚು. ಕೀಪರ್‌ಗಳನ್ನು ಬಿಟ್ಟರೆ ಆ 210 ವಿಶ್ವದಾಖಲೆ, 2025ರ ಜುಲೈವರೆಗೂ ಅದು ಉಳಿದಿತ್ತು. ಜೋ ರೂಟ್ ಅದನ್ನು ಲಾರ್ಡ್ಸ್‌ನಲ್ಲಿ ಮುರಿದರು, ಕ್ಯಾಚ್ ಕೊಟ್ಟವರು ನಮ್ಮ ಕರುಣ್ ನಾಯರ್.

ಕಚೇರಿಯಲ್ಲಿ ಎಲ್ಲರೂ ತಲೆ ತಗ್ಗಿಸುವ ಕೆಲಸವೊಂದು ಇದ್ದೇ ಇರುತ್ತದೆ. ಅದನ್ನು ಒಪ್ಪಿಕೊಂಡವರನ್ನು ತಂಡದಿಂದ ಕೈಬಿಡುವುದು ಯಾರಿಗೂ ಸುಲಭವಲ್ಲ.

5. ಫೇಲಾದ ಪರೀಕ್ಷೆಗೆ ಬೇರೆ ಊರಿನಲ್ಲಿ ಕೂತು ಓದಿ

ಈ ಸೂತ್ರಕ್ಕೆ ಜಾಗ ಸ್ವಲ್ಪ ಹೆಚ್ಚು ಬೇಕು, ಏಕೆಂದರೆ ದ್ರಾವಿಡ್ ಎಂಬ ದೊಡ್ಡ ಬ್ಯಾಟ್ಸ್‌ಮನ್ ಇಲ್ಲಿಯೇ ರೂಪುಗೊಂಡರು ಎಂದು ನಾನು ನಂಬಿದ್ದೇನೆ.

1999ರ ಕೊನೆಗೆ ಭಾರತ ಆಸ್ಟ್ರೇಲಿಯಾಕ್ಕೆ ಹೋಯಿತು. ಮೂರು ಟೆಸ್ಟ್, ಮೂರೂ ಸೋಲು. ಅದೇ ವರ್ಷ ನ್ಯೂಜಿಲೆಂಡ್‌ನ ಹ್ಯಾಮಿಲ್ಟನ್‌ನಲ್ಲಿ ಒಂದೇ ಟೆಸ್ಟ್‌ನಲ್ಲಿ 190 ಮತ್ತು ಔಟಾಗದೆ 103 ಹೊಡೆದಿದ್ದ ದ್ರಾವಿಡ್, ಆಸ್ಟ್ರೇಲಿಯಾದ ಆರು ಇನಿಂಗ್ಸ್‌ಗಳಲ್ಲಿ ಸೇರಿ ಗಳಿಸಿದ್ದು 93. ಮೆಕ್‌ಗ್ರಾ ಒಂದು ಕಡೆ, ವಾರ್ನ್ ಇನ್ನೊಂದು ಕಡೆ.

2000ದ ಬೇಸಿಗೆಯಲ್ಲಿ ಅವರು ಇಂಗ್ಲೆಂಡ್‌ಗೆ ಹೋಗಿ ಕೆಂಟ್ ಕೌಂಟಿಗೆ ಆಡಿದರು. ಅಲ್ಲಿ ನಮ್ಮ ಪತ್ರಿಕೆಗಳಿರಲಿಲ್ಲ, ಜನಜಂಗುಳಿ ಇರಲಿಲ್ಲ. ವಾರದಿಂದ ವಾರಕ್ಕೆ ಬೇರೆ ಮೈದಾನ, ಬೇರೆ ಹವಾಮಾನ, ಬೇರೆ ಚೆಂಡು. ಶೇನ್ ವಾರ್ನ್ ಆ ವರ್ಷ ಹ್ಯಾಂಪ್‌ಷೈರ್‌ಗೆ ಆಡುತ್ತಿದ್ದರು. ಪೋರ್ಟ್ಸ್‌ಮೌತ್‌ನಲ್ಲಿ ಅವರೆದುರು ದ್ರಾವಿಡ್ ಶತಕ ಹೊಡೆದರು. ನಮ್ಮಲ್ಲಿ ಅದು ದೊಡ್ಡ ಸುದ್ದಿಯಾಗಲಿಲ್ಲ.

ಮರು ವರ್ಷ ಮಾರ್ಚ್‌ನಲ್ಲಿ ಅದೇ ಆಸ್ಟ್ರೇಲಿಯಾ, ಅದೇ ವಾರ್ನ್, ಸತತ 16 ಟೆಸ್ಟ್ ಗೆದ್ದ ಹುಮ್ಮಸ್ಸಿನಲ್ಲಿ ಈಡನ್ ಗಾರ್ಡನ್ಸ್‌ಗೆ ಬಂದಿತ್ತು. ಭಾರತ 274 ರನ್ ಹಿಂದೆ ಬಿದ್ದು ಫಾಲೋ ಆನ್. ದ್ರಾವಿಡ್‌ರಿಂದ ಒನ್ ಡೌನ್ ಸ್ಥಾನ ತೆಗೆದು ಲಕ್ಷ್ಮಣ್‌ಗೆ ಕೊಟ್ಟರು, ಇವರನ್ನು ಆರನೇ ಕ್ರಮಾಂಕಕ್ಕೆ ಇಳಿಸಿದರು. ಇದು ಸಣ್ಣ ಅವಮಾನವಲ್ಲ. ಅವರು ತುಟಿ ಬಿಚ್ಚಲಿಲ್ಲ. ಸ್ಥಾನ ಬಿಟ್ಟುಕೊಟ್ಟು, ಸರದಿ ಬಂದಾಗ ಇಳಿದರು.

ಮಾರ್ಚ್ 14, ಬುಧವಾರ. ನಮ್ಮ ಕಚೇರಿಯ ಎದುರಿನ ಟೀ ಅಂಗಡಿಯಲ್ಲಿ ಒಂದು ಪುಟ್ಟ ಟಿವಿ ಇತ್ತು. ಹನ್ನೊಂದು ಗಂಟೆಗೆ ಹೋದಾಗ ನಾಲ್ಕು ಜನ ಇದ್ದರು, "ಊಟದೊಳಗೆ ಮುಗಿಯುತ್ತೆ ಬಿಡಿ ಸಾರ್" ಎಂದ ಅಂಗಡಿಯವನು. ಊಟದ ಹೊತ್ತಿಗೆ ಹೋದಾಗ ಮುಗಿದಿರಲಿಲ್ಲ. ಮೂರು ಗಂಟೆಗೆ ಟೀ ಕುಡಿಯಲು ಜಾಗವಿರಲಿಲ್ಲ, ರಸ್ತೆಯವರೆಗೆ ಜನ. ಅಂಗಡಿಯವನು ಹಾಲು ಉಕ್ಕುವುದನ್ನು ಮರೆತು ನಿಂತಿದ್ದ. 254ಕ್ಕೆ 4ರಿಂದ ಶುರುವಾದ ದಿನ 589ಕ್ಕೆ 4 ಎಂದು ಮುಗಿಯಿತು. ಇಡೀ ದಿನ ಒಂದೇ ಒಂದು ವಿಕೆಟ್ ಬೀಳಲಿಲ್ಲ. ಕಾಲು ಸೆಳೆತ, ಬೆವರು, ಸೆಖೆ. ಓವರ್ ಮುಗಿದಾಗಲೆಲ್ಲ ಲಕ್ಷ್ಮಣ್ ಮತ್ತು ದ್ರಾವಿಡ್ ಪಿಚ್ ನಡುವೆ ಬಂದು ಗ್ಲೌಸ್‌ಗೆ ಗ್ಲೌಸ್ ತಾಗಿಸಿ ಹೋಗುತ್ತಿದ್ದರು. ಶತಕ ಮುಟ್ಟಿದಾಗ ದ್ರಾವಿಡ್ ಬ್ಯಾಟನ್ನು ಪತ್ರಕರ್ತರ ಗ್ಯಾಲರಿಯತ್ತ ಚಾಚಿದರು. ಅವರು ಹಾಗೆ ಸಿಟ್ಟು ತೋರಿಸಿದ ಸಂದರ್ಭಗಳು ಬೆರಳೆಣಿಕೆಯಷ್ಟು. ಲಕ್ಷ್ಮಣ್ 281, ದ್ರಾವಿಡ್ 180, ಜೊತೆಯಾಟ 376. ಐದನೇ ದಿನ ಹರಭಜನ್ ಉಳಿದದ್ದನ್ನು ಮುಗಿಸಿದರು, ಭಾರತಕ್ಕೆ 171 ರನ್ ಜಯ.

ಲೆಕ್ಕ ಇನ್ನೂ ಚುಕ್ತಾ ಆಗಿರಲಿಲ್ಲ, ಆಸ್ಟ್ರೇಲಿಯಾದ ನೆಲ ಬಾಕಿ ಇತ್ತು. 2003ರ ಡಿಸೆಂಬರ್, ಅಡಿಲೇಡ್. ಆಸ್ಟ್ರೇಲಿಯಾ 556, ಭಾರತ 85ಕ್ಕೆ 4. ಮತ್ತೆ ಲಕ್ಷ್ಮಣ್, ಮತ್ತೆ ಜೊತೆಯಾಟ, ಈ ಸಲ 303. ಗಿಲೆಸ್ಪಿಯ ಬೌನ್ಸರ್ ಅನ್ನು ಹುಕ್ ಮಾಡಿ ಸಿಕ್ಸರ್‌ಗೆ ಅಟ್ಟಿ ಶತಕ ಮುಟ್ಟಿದರು, 233ರವರೆಗೆ ಹೋದರು. ಎರಡನೇ ಇನಿಂಗ್ಸ್‌ನಲ್ಲಿ ಔಟಾಗದೆ 72. ಮೆಕ್‌ಗಿಲ್‌ರ ಎಸೆತವನ್ನು ಕಟ್ ಮಾಡಿ ಗೆಲುವಿನ ರನ್ ತೆಗೆದಾಗ ಚೆಂಡು ಬೌಂಡರಿಯ ಚರಂಡಿಗೆ ಉರುಳಿತು. ಸೋತ ನಾಯಕ ಸ್ಟೀವ್ ವಾ ತಾವೇ ಹೋಗಿ ಅದನ್ನು ಎತ್ತಿ ತಂದು ದ್ರಾವಿಡ್ ಕೈಗಿಟ್ಟರು. ಆಸ್ಟ್ರೇಲಿಯಾದಲ್ಲಿ 1981ರ ನಂತರ ಭಾರತ ಗೆದ್ದ ಮೊದಲ ಟೆಸ್ಟ್ ಅದು. ಹಿಂದಿನ ಪ್ರವಾಸದಲ್ಲಿ 93 ರನ್ ಗಳಿಸಿದ್ದವರು ಆ ಸರಣಿಯಲ್ಲಿ ಗಳಿಸಿದ್ದು 619.

ಬಿದ್ದ ಜಾಗದಲ್ಲೇ ಕೂತು ಚಿಂತಿಸಿದರೆ ಅದೇ ಭಯ ಅದೇ ರೂಪದಲ್ಲಿ ಬರುತ್ತದೆ. ಯಾರೂ ನೋಡದ ಕಡೆ ಹೋಗಿ ಅದೇ ಕಷ್ಟವನ್ನು ದಿನವೂ ಎದುರಿಸಿ.

6. ಎದುರು ತುದಿಯವರನ್ನು ಬೆಳಗಿಸಿ

ನೀವು ನೆನಪಿಸಿಕೊಳ್ಳುವ ದ್ರಾವಿಡ್ ಇನಿಂಗ್ಸ್‌ಗಳಲ್ಲಿ ಹೆಚ್ಚಿನವು ಇನ್ನೊಬ್ಬರ ಹೆಸರಿನಲ್ಲಿವೆ. ಟಾಂಟನ್‌ನಲ್ಲಿ 1999ರ ವಿಶ್ವಕಪ್ ಪಂದ್ಯದಲ್ಲಿ ಅವರದು 145, ನಾವು ಹೇಳುವುದು ಗಂಗೂಲಿಯ 183. ಅದೇ ವರ್ಷ ಹೈದರಾಬಾದ್‌ನಲ್ಲಿ 153, ಆದರೆ ಅದು ತೆಂಡೂಲ್ಕರ್ 186ರ ದಿನ. ಈಡನ್ ಲಕ್ಷ್ಮಣ್‌ರದು. ಇದರಿಂದ ಅವರಿಗೆ ಏನು ನಷ್ಟವಾಯಿತು? ಟೆಸ್ಟ್‌ನಲ್ಲಿ 88 ಶತಕದ ಜೊತೆಯಾಟಗಳಲ್ಲಿ ಅವರು ಪಾಲುದಾರರು. ತೆಂಡೂಲ್ಕರ್ ಜೊತೆಗೇ 6,920 ರನ್.

7. ಹಣೆಗೆ ಅಂಟಿಸಿದ ಚೀಟಿಯನ್ನು ಓದಿಕೊಳ್ಳಬೇಡಿ

'ಗೋಡೆ' ಎಂದು ಕರೆದರು, ಹೊಗಳಿಕೆಗೇ ಕರೆದರು. ಗೋಡೆಗೆ ರನ್ ಹೊಡೆಯಲು ಬರುವುದಿಲ್ಲ ಎಂಬ ಗೊಣಗಾಟವೂ ಅದರ ಹಿಂದೆಯೇ ಬಂತು. 1998ರಲ್ಲಿ ನಿಧಾನ ಎಂಬ ಕಾರಣಕ್ಕೆ ಏಕದಿನ ತಂಡದಿಂದ ಹೊರಗಿಟ್ಟರು. ಮರುವರ್ಷ ವಿಶ್ವಕಪ್‌ನಲ್ಲಿ ಎಲ್ಲ ದೇಶಗಳ ಬ್ಯಾಟ್ಸ್‌ಮನ್‌ಗಳಿಗಿಂತ ಹೆಚ್ಚು ರನ್ ಹೊಡೆದವರು ಅವರೇ, 461. 2003ರಲ್ಲಿ ಹೈದರಾಬಾದ್‌ನಲ್ಲಿ ನ್ಯೂಜಿಲೆಂಡ್ ವಿರುದ್ಧ ಅರ್ಧಶತಕಕ್ಕೆ ತೆಗೆದುಕೊಂಡದ್ದು 22 ಎಸೆತ. ಅಂತರರಾಷ್ಟ್ರೀಯ ಟಿ20 ಆಡಿದ್ದು ಒಂದೇ ಒಂದು, 2011ರಲ್ಲಿ ಮ್ಯಾಂಚೆಸ್ಟರ್‌ನಲ್ಲಿ. ಅದರಲ್ಲಿ ಸಮಿತ್ ಪಟೇಲ್‌ಗೆ ಸತತ ಮೂರು ಸಿಕ್ಸರ್.

ವಾದಕ್ಕೆ ಹೋಗಲಿಲ್ಲ. ಬೇಕಾದ ಹೊಡೆತ ಕಲಿತರು, ತಮ್ಮ ಮೂಲ ಆಟ ಕೆಡಿಸಿಕೊಳ್ಳಲಿಲ್ಲ.

8. ನಿರ್ಧಾರ ತೆಗೆದುಕೊಂಡರೆ ಬಯ್ಗುಳವನ್ನೂ ತೆಗೆದುಕೊಳ್ಳಿ

2004, ಮುಲ್ತಾನ್. ಗಾಯಗೊಂಡ ಗಂಗೂಲಿ ಬದಲು ದ್ರಾವಿಡ್ ನಾಯಕರು. ತೆಂಡೂಲ್ಕರ್ 194ರಲ್ಲಿದ್ದಾಗ ಡಿಕ್ಲೇರ್ ಮಾಡಿದರು. ದೇಶಕ್ಕೆ ದೇಶವೇ ಅವರ ಮೇಲೆ ಮುಗಿಬಿತ್ತು. ಭಾರತ ಆ ಪಂದ್ಯವನ್ನು ಇನಿಂಗ್ಸ್ ಮತ್ತು 52 ರನ್‌ಗಳಿಂದ ಗೆದ್ದಿತು ಎಂಬುದನ್ನು ಎಷ್ಟು ಜನ ನೆನಪಿಟ್ಟಿದ್ದಾರೆ? ನನ್ನ ಮಟ್ಟಿಗೆ ಅದು ಸರಿಯಾದ ನಿರ್ಧಾರ, ಅದಕ್ಕೆ ಎದೆಗಾರಿಕೆ ಬೇಕಿತ್ತು.

ಎಲ್ಲ ನಿರ್ಧಾರವೂ ಸರಿ ಎಂದು ನಾನು ಹೇಳಲಾರೆ. 2007ರಲ್ಲಿ ಓವಲ್‌ನಲ್ಲಿ 319 ರನ್ ಮುನ್ನಡೆ ಇದ್ದೂ ಇಂಗ್ಲೆಂಡ್‌ಗೆ ಫಾಲೋ ಆನ್ ಹೇರಲಿಲ್ಲ. ಮತ್ತೆ ಬ್ಯಾಟಿಂಗ್‌ಗೆ ಬಂದು ತಾವೇ 96 ಎಸೆತಗಳಲ್ಲಿ 12 ರನ್ ಮಾಡಿದರು. ಪಂದ್ಯ ಡ್ರಾ ಆಯಿತು. 1-0 ಮುನ್ನಡೆ ಕಾಪಾಡಿಕೊಳ್ಳುವ ಎಚ್ಚರಿಕೆ ಅತಿಯಾದದ್ದು ಅಲ್ಲಿ. ಬಿಡುವುದನ್ನು ಅಷ್ಟು ಚೆನ್ನಾಗಿ ಬಲ್ಲವರು, ಹೊಡೆಯಬೇಕಾದ ಚೆಂಡನ್ನೂ ಬಿಟ್ಟ ದಿನ ಅದು ಎಂದು ನನಗೆ ಈಗಲೂ ಅನಿಸುತ್ತದೆ. ಸರಣಿಯನ್ನಂತೂ ಗೆದ್ದರು, ಇಂಗ್ಲೆಂಡ್‌ನಲ್ಲಿ 21 ವರ್ಷಗಳ ನಂತರ. ಅದರ ಹಿಂದಿನ ವರ್ಷ ವೆಸ್ಟ್ ಇಂಡೀಸ್‌ನಲ್ಲೂ 35 ವರ್ಷಗಳ ನಂತರ ಸರಣಿ ಗೆಲ್ಲಿಸಿದ್ದರು. ಕಿಂಗ್‌ಸ್ಟನ್‌ನ ಕಷ್ಟದ ಪಿಚ್‌ನಲ್ಲಿ ನಾಯಕರ 81 ಮತ್ತು 68 ಇಲ್ಲದಿದ್ದರೆ ಅದು ಆಗುತ್ತಿರಲಿಲ್ಲ.

9. ಕಿವಿಗೆ ಕೇಳಿದ್ದನ್ನೆಲ್ಲ ನಂಬಿ ಹೊರಡಬೇಡಿ

2011, ಎಜ್‌ಬಾಸ್ಟನ್. ಆ್ಯಂಡರ್ಸನ್ ಎಸೆದ ಚೆಂಡು ಬ್ಯಾಟಿನ ಪಕ್ಕದಲ್ಲಿ ಹಾದು ಕೀಪರ್ ಕೈ ಸೇರಿತು. 'ಟಿಕ್' ಎಂಬ ಸದ್ದು. ಅಂಪೈರ್ ಬೆರಳೆತ್ತಿದರು. ದ್ರಾವಿಡ್ ರಿವ್ಯೂ ಕೇಳದೆ ನಡೆದರು. ಆಮೇಲೆ ನೋಡಿದರೆ ಬ್ಯಾಟ್ ತಾಗಿದ್ದು ಚೆಂಡಿಗಲ್ಲ, ಶೂ ಲೇಸಿನ ತುದಿಗೆ. ಅವರ ಪ್ರಾಮಾಣಿಕತೆ ದೊಡ್ಡದು, ಅದರಲ್ಲಿ ಎರಡು ಮಾತಿಲ್ಲ. ಆದರೂ ನಿಮ್ಮ ವಿರುದ್ಧದ ತೀರ್ಪಿಗೆ ನೀವೇ ಮೊದಲು ಸಹಿ ಹಾಕಬೇಡಿ. ಕೇಳುವ ಹಕ್ಕಿದ್ದರೆ ಕೇಳಿ.

10. ಕುರ್ಚಿಯಿಂದ ಏಳುವ ಹೊತ್ತನ್ನು ನೀವೇ ನೋಡಿಕೊಳ್ಳಿ

2007ರ ಮಾರ್ಚ್‌ನಲ್ಲಿ ವೆಸ್ಟ್ ಇಂಡೀಸ್‌ನಲ್ಲಿ ವಿಶ್ವಕಪ್. ದ್ರಾವಿಡ್ ನಾಯಕತ್ವದ ಭಾರತ ಬಾಂಗ್ಲಾದೇಶಕ್ಕೂ ಶ್ರೀಲಂಕಾಕ್ಕೂ ಸೋತು ಮೊದಲ ಸುತ್ತಿನಲ್ಲೇ ಹೊರಬಿತ್ತು. ಆಗ ರಾಜೀನಾಮೆ ಕೊಟ್ಟಿದ್ದರೆ ಎಲ್ಲರೂ ಒಪ್ಪುತ್ತಿದ್ದರು. ಅವರು ಕೊಡಲಿಲ್ಲ. ಇಂಗ್ಲೆಂಡ್‌ನಲ್ಲಿ ಗೆದ್ದು ಬಂದ ಮೇಲೆ, ಸೆಪ್ಟೆಂಬರ್‌ನಲ್ಲಿ, ಯಾರೂ ಕೇಳದಿದ್ದಾಗ ಕೊಟ್ಟರು.

ಆಟ ಬಿಟ್ಟದ್ದೂ ಹಾಗೆಯೇ. 2011ರಲ್ಲಿ ಐದು ಶತಕಗಳೊಂದಿಗೆ 1,145 ಟೆಸ್ಟ್ ರನ್, ಆ ವರ್ಷ ಜಗತ್ತಿನಲ್ಲೇ ಹೆಚ್ಚು. ಅದರ ಬೆನ್ನಿಗೇ ಆಸ್ಟ್ರೇಲಿಯಾದಲ್ಲಿ ಚೆಂಡು ಬ್ಯಾಟ್ ಮತ್ತು ಪ್ಯಾಡ್ ನಡುವೆ ನುಗ್ಗಿ ಮತ್ತೆ ಮತ್ತೆ ಸ್ಟಂಪ್ ಎಬ್ಬಿಸಿತು. ಗೋಡೆಯಲ್ಲಿ ಬಿರುಕು ಎಂದು ಪತ್ರಿಕೆಗಳು ಬರೆದವು. 2012ರ ಮಾರ್ಚ್ 9ರಂದು ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ, ಹುಡುಗನಾಗಿ ಬ್ಯಾಟ್ ಹಿಡಿದು ಬಂದ ಜಾಗದಲ್ಲೇ, ಸಾಕು ಎಂದರು. ಬೀಳ್ಕೊಡುಗೆ ಪಂದ್ಯ ಬೇಕೆನ್ನಲಿಲ್ಲ, ಮೆರವಣಿಗೆ ಕೇಳಲಿಲ್ಲ.

11. ನಿಮ್ಮ ದುಡಿಮೆಗೆ ಸಲ್ಲದ್ದನ್ನು ಹಿಂದಿರುಗಿಸಿ

2017ರ ಜನವರಿಯಲ್ಲಿ ಬೆಂಗಳೂರು ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಡಲು ಮುಂದಾಯಿತು. ಓದಿ ಸಂಶೋಧನೆ ಮಾಡಿ ಗಳಿಸುವ ಆಸೆಯಿದೆ ಎಂದು ತಿಳಿಸಿ, ವಿನಯದಿಂದ ಬೇಡವೆಂದರು.

2018ರಲ್ಲಿ ಅವರ ತರಬೇತಿಯ ಹುಡುಗರು 19 ವರ್ಷದೊಳಗಿನವರ ವಿಶ್ವಕಪ್ ಗೆದ್ದರು. ಕ್ರಿಕೆಟ್ ಮಂಡಳಿ ದ್ರಾವಿಡ್‌ಗೆ 50 ಲಕ್ಷ ರೂಪಾಯಿ, ಸಹಾಯಕ ಸಿಬ್ಬಂದಿಗೆ ತಲಾ 20 ಲಕ್ಷ ಎಂದು ಘೋಷಿಸಿತು. ದುಡಿದವರು ಎಲ್ಲರೂ, ಹೆಚ್ಚು ಕಡಿಮೆ ಯಾಕೆ ಎಂಬುದು ಅವರ ನಿಲುವು. ಕೊನೆಗೆ ಎಲ್ಲರಿಗೂ 25 ಲಕ್ಷ. ತಮ್ಮ ಪಾಲಿನ ಅರ್ಧ ಬಿಟ್ಟು ಉಳಿದವರದನ್ನು ಹೆಚ್ಚಿಸಿದರು. ನೆಟ್ಸ್‌ನಲ್ಲಿ ದಿನಕ್ಕೆ ನೂರಾರು ಚೆಂಡು ಎಸೆದು ಭುಜ ನೋಯಿಸಿಕೊಳ್ಳುವವರು ಟಿವಿಯಲ್ಲಿ ಕಾಣುವುದಿಲ್ಲ. ಅವರ ಮನೆಗೆ ಹೋದ ಆ ಹೆಚ್ಚುವರಿ ಐದು ಲಕ್ಷದ ಬೆಲೆ ಬ್ಯಾಂಕ್ ಪುಸ್ತಕದಲ್ಲಿ ಪೂರ್ತಿ ಕಾಣುವಂಥದ್ದಲ್ಲ.

ಆ ಹುಡುಗರ ತಂಡದಲ್ಲಿ ಇನ್ನೊಂದು ಪದ್ಧತಿಯನ್ನೂ ತಂದರು: ವಯಸ್ಸು ಉಳಿದಿದ್ದರೂ ಒಬ್ಬನಿಗೆ ಒಂದೇ ವಿಶ್ವಕಪ್. ಮುಂದಿನ ಸಲ ಜಾಗ ಬಿಡಬೇಕು, ಹಿಂದೆ ನಿಂತವನಿಗೆ ಅವಕಾಶ ಸಿಗಬೇಕು.

12. ನಿಮ್ಮದು ಬಂದಾಗ ಎರಡೂ ಕೈಯಲ್ಲಿ ಹಿಡಿಯಿರಿ

ಆಟಗಾರರಾಗಿ ಅವರಿಗೆ ವಿಶ್ವಕಪ್ ಸಿಗಲಿಲ್ಲ. 2003ರ ಫೈನಲ್ ಸೋತರು, 2007 ನೋವಾಗಿ ಉಳಿಯಿತು, 2011ರ ತಂಡದಲ್ಲಿ ಅವರಿರಲಿಲ್ಲ. ಮುಖ್ಯ ಕೋಚ್ ಆದ ಮೇಲೆ 2023ರ ನವೆಂಬರ್ 19ರಂದು ಅಹಮದಾಬಾದ್‌ನಲ್ಲಿ, ಸತತ ಹತ್ತು ಪಂದ್ಯ ಗೆದ್ದು ಬಂದ ತಂಡ ಫೈನಲ್‌ನಲ್ಲಿ ಸೋತಿತು. ಅಲ್ಲಿಗೆ ಅವರ ಅವಧಿಯೂ ಮುಗಿದಿತ್ತು. ಎದ್ದು ಹೋಗುವವರಿದ್ದರು. ರೋಹಿತ್ ಶರ್ಮಾ ಫೋನ್ ಮಾಡಿ, ಇನ್ನು ಕೆಲವು ತಿಂಗಳು ಇರಿ ಎಂದು ಒಪ್ಪಿಸಿದರು.

2024ರ ಜೂನ್ 29, ಬ್ರಿಡ್ಜ್‌ಟೌನ್. ಮತ್ತೆ ಅದೇ ವೆಸ್ಟ್ ಇಂಡೀಸ್. ಟಿ20 ವಿಶ್ವಕಪ್ ಫೈನಲ್‌ನಲ್ಲಿ ಭಾರತ ದಕ್ಷಿಣ ಆಫ್ರಿಕಾವನ್ನು ಏಳು ರನ್‌ಗಳಿಂದ ಸೋಲಿಸಿತು. ಹುಡುಗರು ಕುಣಿಯುತ್ತಿದ್ದರು, ಕೋಚ್ ಎಂದಿನಂತೆ ಪಕ್ಕದಲ್ಲಿ ನಿಂತಿದ್ದರು. ಕೊಹ್ಲಿ ಕಪ್ ತಂದು ಅವರ ಕೈಗಿಟ್ಟರು. ದ್ರಾವಿಡ್ ಒಮ್ಮೆ ಅದನ್ನು ನೋಡಿದರು, ಎರಡೂ ಕೈಯಿಂದ ತಲೆಯ ಮೇಲೆತ್ತಿದರು, ಆಮೇಲೆ ಕತ್ತಿನ ನರ ಉಬ್ಬುವ ಹಾಗೆ ಕೂಗಿದರು. 51 ವರ್ಷದ ಆ ಮನುಷ್ಯ ಬಾಯಿ ತುಂಬ ಕೂಗುತ್ತಲೇ ಇದ್ದರು, ಸುತ್ತಲಿನ ಹುಡುಗರು ಅವರ ಸುತ್ತ ನೆಗೆಯುತ್ತಿದ್ದರು, ಕಪ್ ಮಾತ್ರ ಅವರ ಮುಷ್ಟಿಯಿಂದ ಅಲುಗಾಡಲಿಲ್ಲ.